ಶುಗರ್ ಪಾರ್ಟಿಯ ರಾಗಿ

ಮೊನ್ನೆ ಜಯನಗರದ ಮಾರುಕಟ್ಟೆಗೆ ಹೋದಾಗ ಅವರೆಕಾಯಿ ಬಂದಿತ್ತು. ಒಂದು ಕಾಯಿ ಹಿಸುಕಿ ಮೂಗಿಗೆ ಹಿಡಿದೆ. ಸೊಗಡಿಲ್ಲದ ಅವರೆಕಾಯಿಯನ್ನು ನಾನು ಕೊಳ್ಳುವುದಿಲ್ಲ. ಮಾರುವವನು ಎಷ್ಟೇ ಆಣೆ ಇಡಲಿ, ನನ್ನ ಮೂಗು ಹೇಳಿದ್ದೇ ಕೊನೆ. ಆ ಕಾಯಿಯಲ್ಲಿ ಸೊಗಡಿತ್ತು. ಬೆರಳಿಗೆ ಹತ್ತಿದ ಆ ಅಂಟು ವಾಸನೆ ಬಸ್ಸಿನಲ್ಲಿ ಜೆ.ಪಿ. ನಗರದವರೆಗೂ ನನ್ನ ಜೊತೆ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾದ ತುದಿಯನ್ನು ಮೂಗಿಗೆ ಹಿಡಿದುಕೊಂಡಳು. ಅವಳಿಗೇನು ಗೊತ್ತು ಪಾಪ. ನನಗೆ ಮಾತ್ರ ಕೆರೆಯ ಹಿಂದಿನ ಹೊಲ, ರಾಗಿ ಸಾಲುಗಳ ನಡುವೆ ಹೂಬಿಟ್ಟ ಅವರೆ, ನನ್ನ ಎಡಗಾಲಿನ ಹೆಬ್ಬೆರಳು ಎಲ್ಲವೂ ಒಟ್ಟಿಗೆ ನೆನಪಾದವು. ಆ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಹೆಬ್ಬೆರಳು ಇನ್ನೂ ಇದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಹುಳಿಮಾವಿನ ಕಡೆಗಿರುವ ನಮ್ಮೂರು ಆಗ ಅರ್ಧ ಹಳ್ಳಿ, ಅರ್ಧ ಜೆ.ಪಿ. ನಗರ. ಹೊಲಗಳೆಲ್ಲ ಸೈಟುಗಳಾಗಿದ್ದವು, ನಾವೆಲ್ಲ ಓನರ್‌ಗಳಾಗಿದ್ದೆವು. ನಮ್ಮ ಯಜಮಾನರು ರಾಮಣ್ಣ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟರು. ಮನೆಯ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟೆವು. ನಾಟಿ, ಕಳೆ, ಕೊಯ್ಲು ಎಂದು ಬಗ್ಗಿಸಿದ ನಡು ಎತ್ತದೆ ಬೆಳೆದ ನಾನು ಸೋಫಾದ ಮೇಲೆ ಕೂತು ಟೀವಿ ನೋಡುವ ಜಯಮ್ಮನವರಾದೆ. ಕೆಲಸ ನಿಂತಿತು, ಊಟ ನಿಲ್ಲಲಿಲ್ಲ. ಹೊಲಕ್ಕೆ ಹೋಗುವವಳಿಗೆ ಎಷ್ಟು ದೊಡ್ಡ ಮುದ್ದೆ ಬೀಳುತ್ತಿತ್ತೋ ಸೋಫಾದವಳ ತಟ್ಟೆಗೂ ಅಷ್ಟೇ ದೊಡ್ಡದು ಬೀಳುತ್ತಿತ್ತು. ಅದರ ಮೇಲೆ ಬೀದಿ ಕೊನೆಯಲ್ಲಿ ಒಂದು ಬೇಕರಿ ಬೇರೆ ಶುರುವಾಯಿತು.

ಶುಗರ್ ಬಂದದ್ದು ಹೀಗೆ. ಜಯನಗರದಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು, ಕಡ್ಡಿ ಮುರಿದಂತೆ ಮಾತಾಡುವವರು. ಅವರು ನನ್ನ ಅಂಗಾಲಿಗೆ ದಾರದಂಥದ್ದೇನೋ ತಾಗಿಸಿ ಗೊತ್ತಾಗುತ್ತಾ ಎಂದು ಕೇಳಿದರು. ನಾನು ಚಾವಣಿ ನೋಡುತ್ತಾ, ನೀವು ಮುಟ್ಟಿದರೆ ತಾನೇ ಮೇಡಂ ಗೊತ್ತಾಗುವುದು ಎಂದೆ. ಅವರು ಮುಟ್ಟಿ ಆಗಿತ್ತು. ಕಾಲಿನ ನರಗಳು ಮಂದವಾಗಿವೆ, ದಿನಾ ನಡೆಯಬೇಕು, ಬರಿಗಾಲಲ್ಲಿ ಮಾತ್ರ ಒಂದು ಹೆಜ್ಜೆಯೂ ಇಡಬಾರದು ಎಂದರು. ಯಜಮಾನರು ಅವತ್ತೇ ಬಿಳಿ ಕ್ಯಾನ್ವಾಸ್ ಶೂ ತಂದರು. ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಪಾರ್ಕಿನ ಕಡೆ ಹೊರಟರೆ, ಬೀದಿಯ ಪಾಪಣ್ಣ ತನ್ನ ಅಂಗಡಿ ಮುಂದೆ ನಿಂತು, ಯಾವ ಬಸ್ಸು ತಪ್ಪಿಹೋಯಿತು ಅತ್ತಿಗೆ ಎಂದು ಕೇಳಿದ. ಪಾರ್ಕಿನಲ್ಲಿ ಲೇಔಟಿನ ಜನ ಕೈ ಬೀಸಿಕೊಂಡು ಒಂದೇ ಜಾಗವನ್ನು ಸುತ್ತುತ್ತಿದ್ದರು. ಯಾವ ಊರಿಗೂ ಹೋಗದ ಆ ನಡಿಗೆ ನನಗೆ ಹಿಡಿಸಲಿಲ್ಲ. ವಾರ ತುಂಬುವುದರೊಳಗೆ ಶೂ ಅಟ್ಟ ಸೇರಿತು.

ನಮ್ಮ ಬೀದಿಯಲ್ಲಿ ಶುಗರ್ ಇದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ ಇಂಥ ವಿಷಯ ಹೊರಗೆ ಬಿಡುವವರುಂಟೇ? ಮಾತ್ರೆಗಳನ್ನು ಅಕ್ಕಿ ಡಬ್ಬದಲ್ಲಿ, ದೇವರ ಫೋಟೋ ಹಿಂದೆ ಇಟ್ಟುಕೊಂಡು ಕದ್ದು ನುಂಗುತ್ತಿದ್ದೆವು. ಆ ಬೇಸಿಗೆಯಲ್ಲಿ ಒಂದು ನಾಮಕರಣದ ಊಟಕ್ಕೆ ಕೂತಾಗ ಗುಟ್ಟು ಬಯಲಾಯಿತು. ಪಂಕ್ತಿಗೆ ಪಾಯಸ ಬಂತು. ಒಬ್ಬರಿಗೆ ಹಲ್ಲುನೋವು, ಇನ್ನೊಬ್ಬರಿಗೆ ಹೊಟ್ಟೆ ಸರಿಯಿಲ್ಲ, ಪಾಪಣ್ಣನಿಗೆ ಸೋಮವಾರದ ವ್ರತವಂತೆ. ಅವತ್ತು ಭಾನುವಾರ. ನನ್ನ ಎದುರು ಎಲೆಗೆ ಕೂತಿದ್ದ ದೊಡ್ಡತ್ತೆ, ಅಂದರೆ ನಮ್ಮ ಮಾವನವರ ಅಕ್ಕ, ಎಪ್ಪತ್ತು ದಾಟಿದವರು, ಎಲೆಯ ಮೇಲೆ ಅಡ್ಡ ಹಿಡಿದಿದ್ದ ಕೈಯನ್ನು ತೆಗೆದು ಮೇಲೆತ್ತಿದರು.

"ನಂಗೆ ಶುಗರ್ ಅದೆ. ಇನ್ಯಾರ್ಯಾರಿಗೆ ಅದೆ, ಕೈ ಎತ್ರಪ್ಪ ನೋಡಾನ."

ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ನಾನು ಎತ್ತಿದೆ, ಪಾಪಣ್ಣ ಅರ್ಧ ಎತ್ತಿದ, ನೋಡನೋಡುತ್ತಾ ಅರ್ಧ ಪಂಕ್ತಿಯೇ ಕೈ ಎತ್ತಿತು. ಪಾಯಸದ ಬಕೆಟ್ಟು ಹಿಡಿದವನು ಬಾಯಿಬಿಟ್ಟುಕೊಂಡು ನಿಂತ. ಅವತ್ತು ಎಲ್ಲರೂ ನಕ್ಕ ನಗು ನನಗೆ ಇನ್ನೂ ಕೇಳಿಸುತ್ತದೆ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಹೊತ್ತುಕೊಂಡಿದ್ದನ್ನು ಇಳಿಸಿದಷ್ಟು ಹಗುರಾಯಿತು. ಊರಿನ ಹುಡುಗರು ನಮ್ಮ ಗುಂಪಿಗೆ ಶುಗರ್ ಪಾರ್ಟಿ ಎಂದು ಹೆಸರಿಟ್ಟರು, ಅದೇ ನಿಂತಿತು.

ಪಾರ್ಟಿಯೇನೋ ಆಯಿತು, ನಡೆಯಲು ಮಾತ್ರ ಯಾರಿಗೂ ಮನಸ್ಸಿಲ್ಲ. ಪಾರ್ಕು ಸುತ್ತಲು ನಾವೇನು ಗಾಣದೆತ್ತುಗಳೇ ಎಂದು ದೊಡ್ಡತ್ತೆ ರೇಗಿದರು. ಕೆರೆಯ ಹಿಂದೆ ಒಂದು ತುಂಡು ಹೊಲ ಉಳಿದಿತ್ತು. ಅಣ್ಣತಮ್ಮಂದಿರ ವ್ಯಾಜ್ಯದಿಂದಾಗಿ ಮಾರಾಟವಾಗದೆ ಬೀಳು ಬಿದ್ದಿತ್ತು. ಅದರಲ್ಲಿ ರಾಗಿ ಹಾಕೋಣ, ನಡಿಗೆಯೂ ಆಯಿತು ಕೆಲಸವೂ ಆಯಿತು ಎಂದರು. ವ್ಯಾಜ್ಯದ ಎರಡೂ ಕಡೆಯವರು ಶುಗರ್ ಪಾರ್ಟಿಯಲ್ಲೇ ಇದ್ದದ್ದರಿಂದ ಒಪ್ಪಿಗೆ ಸಿಕ್ಕಿತು. ಆರಿದ್ರಾ ಮಳೆ ಬಿದ್ದ ಮೇಲೆ ಹುಳಿಮಾವಿನಿಂದ ಒಂದು ಜೊತೆ ಎತ್ತು ಕರೆಸಿದೆವು. ರಾಗಿಯ ಜೊತೆ ಅವರೆ, ಹುಚ್ಚೆಳ್ಳಿನ ಸಾಲುಗಳನ್ನೂ ಹಾಕಿದೆವು. ಪಾಪಣ್ಣ ಸಫಾರಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಎತ್ತಿನ ಹಿಂದೆ ನಡೆದ. ಅವನ ಮುಖದಲ್ಲಿ ಅಂಥ ಗೆಲುವನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ.

ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ಶಾಂತಾ ಬಾಡಿಗೆಗಿದ್ದಳು. ಗದಗಿನ ಕಡೆಯವಳು, ಜಯನಗರದ ಒಂದು ಆಫೀಸಿನಲ್ಲಿ ಕೆಲಸ. ಮೂವತ್ತು ದಾಟುವ ಮೊದಲೇ ಅವಳಿಗೆ ಶುಗರ್ ಬಂದು, ದಿನಾ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಅವಳೂ ಆಫೀಸಿಗೆ ಹೋಗುವ ಮುಂಚೆ ಹೊಲಕ್ಕೆ ಬಂದು, ನಿಮ್ಮದು ಕೆಂಪು ಮಣ್ಣು, ನಮ್ಮ ಎರೆಭೂಮಿಯ ಮುಂದೆ ಇದೇನು ಎಂದು ಮೂಗು ಮುರಿಯುತ್ತಲೇ ಕಳೆ ಕೀಳುತ್ತಿದ್ದಳು. ಬುತ್ತಿಯ ಹೊಣೆ ದೊಡ್ಡತ್ತೆಯದು. ರಾಗಿ ಶುಗರಿಗೆ ಒಳ್ಳೆಯದು ಎಂದು ಕೇಳಿ, ಹಾಗಾದರೆ ಎರಡು ಮುದ್ದೆ ಎಂದು ಹೊಡೆಯುತ್ತಿದ್ದವರು ನಾವು. ದೊಡ್ಡತ್ತೆ ಡಾಕ್ಟರಮ್ಮನ ಮಾತನ್ನು ಕೇಳಿಸಿಕೊಂಡು ಎಲ್ಲರಿಗೂ ಒಂದೇ ಅಳತೆಯ ಚಿಕ್ಕ ಮುದ್ದೆ ಕಟ್ಟಿದರು. ತಟ್ಟೆಯ ತುಂಬ ಬಸ್ಸಾರಿನ ಸೊಪ್ಪು, ಕಾಳು. ಇದೇನು ಗೋಲಿ ಆಡಕ್ಕಾ ಎಂದು ಪಾಪಣ್ಣ ಗೊಣಗುತ್ತಲೇ ತಿಂದ. ನನ್ನ ಶುಗರ್ ಇಳಿಯಿತು. ಡಾಕ್ಟರಮ್ಮ ಖುಷಿಯಾಗಿ ಯಾವ ಪಾರ್ಕಿಗೆ ಹೋಗುತ್ತೀರಿ ಎಂದು ಕೇಳಿದರು. ಕಳೆ ಕೀಳುತ್ತೇನೆ ಎಂದೆ. ಶೂ ಹಾಕಿಕೊಂಡು ತಾನೇ ಎಂದಾಗ ನನಗೆ ನಗುವೇ ಬಂತು.

ನಮ್ಮಲ್ಲಿ ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ. ಬದುವಿನ ಮೇಲೆ ಬಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಯುತ್ತೇವೆ. ಕಣವಂತೂ ಗುಡಿಗಿಂತ ಹೆಚ್ಚು. ರಾಶಿ ಹಾಕಿದ ಕಣಕ್ಕೆ ಮೆಟ್ಟು ಮೆಟ್ಟಿ ಬಂದವನನ್ನು ಹಿಂದೆ ಊರೇ ಬಹಿಷ್ಕರಿಸುತ್ತಿತ್ತಂತೆ. ಇದನ್ನೆಲ್ಲ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಚೆನ್ನಾಗಿ ಬೈದರು. ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ತುಳಿದ ಮಣ್ಣು ನನಗೇನು ಮಾಡೀತು ಅನ್ನುವ ಧೈರ್ಯ.

ಶ್ರಾವಣದಲ್ಲಿ ಎರಡನೇ ಕಳೆ. ಬೆಳಿಗ್ಗೆ ಹೊಲದಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ, ಹಿಂದೆ ಬರುತ್ತಿದ್ದ ಶಾಂತಾ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಅಕ್ಕಾರ, ನಿಂದರ್ರಿ. ನಿಮ್ಮ ಕಾಲಾಗ ರಕ್ತ ಬರಾಕತ್ತೈತಿ."

ತಿರುಗಿ ನೋಡಿದರೆ ಪ್ರತಿ ಮೆಟ್ಟಿಲಿನ ಮೇಲೂ ನನ್ನ ಎಡಗಾಲಿನ ಗುರುತು. ಹೆಬ್ಬೆರಳಿನ ಬುಡದಲ್ಲಿ ಜಾಲಿ ಮುಳ್ಳೊಂದು ಮುರಿದು ಕೂತಿತ್ತು. ಯಾವಾಗ ಚುಚ್ಚಿತೋ ಗೊತ್ತಿಲ್ಲ, ನೋವೇ ಇರಲಿಲ್ಲ. ನೋವಿಲ್ಲ ಎಂದರೆ ಏನೂ ಆಗಿಲ್ಲ ಎಂದೇ ನನ್ನ ಲೆಕ್ಕ. ಮುಳ್ಳು ಕಿತ್ತೆ, ಅರಿಶಿನ ಮೆತ್ತಿದೆ, ಮಾರನೆಯ ದಿನ ಮತ್ತೆ ಹೊಲಕ್ಕಿಳಿದೆ. ವಾರದೊಳಗೆ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ಜ್ವರ ಬಂತು.

ಆಸ್ಪತ್ರೆಯಲ್ಲಿ ಗಾಯವನ್ನು ಬಿಡಿಸಿ ಕೀವು ತೆಗೆದರು. ಡಾಕ್ಟರಮ್ಮ ಹಾಸಿಗೆಯ ಪಕ್ಕ ಬಂದು ನಿಂತರು. ಈ ಸಲ ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಜಯಮ್ಮ, ಈ ಬೆರಳು ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ಮೂಳೆಗೆ ಇಳಿದ್ರೆ ತೆಗೀಬೇಕು, ಅಲ್ಲಿಗೂ ನಿಲ್ಲದೆ ಹೋಗಬಹುದು. ಕಾಲು ನೆಲಕ್ಕೆ ಊರಬೇಡಿ, ಶುಗರ್ ಏರೋಕೆ ಬಿಡಬೇಡಿ. ಅಷ್ಟು ನೀವು ಮಾಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಪಾಪಣ್ಣನ ಅಣ್ಣ ನಮ್ಮ ಬೀದಿಯಲ್ಲೇ ಇದ್ದರು. ಬೆರಳಿನಿಂದ ಶುರುವಾಗಿ ಮೊಣಕಾಲಿನವರೆಗೆ ಕಳೆದುಕೊಂಡವರು. ಹಾವು ಕಚ್ಚಿದ್ದರಿಂದ ಎಂದು ಮನೆಯವರು ಹೇಳಿಕೊಂಡಿದ್ದರು; ಶುಗರಿನಿಂದ ಎಂದು ಗೊತ್ತಾದದ್ದು ಆ ನಾಮಕರಣದ ಮೇಲೆಯೇ. ಇಡೀ ದಿನ ಜಗಲಿಯ ಮೇಲೆ ಕೂತು ಹೋಗಿಬರುವವರ ಕಾಲುಗಳನ್ನೇ ನೋಡುತ್ತಿದ್ದರು. ನನಗೆ ಕಣ್ಣು ಮುಚ್ಚಿದರೆ ಅವರೇ ಕಾಣುತ್ತಿದ್ದರು. ಮನೆಗೆ ಬಂದ ಮೇಲೆ ಹಾಸಿಗೆ ಹಿಡಿದು ಎಲ್ಲರ ಮೇಲೂ ಹರಿಹಾಯ್ದೆ. ಯಜಮಾನರು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು. ಸೂಜಿ ಕಂಡರೆ ನಡುಗುತ್ತಿದ್ದ ನನಗೆ ದಿನಕ್ಕೆರಡು ಸಲ ಇನ್ಸುಲಿನ್. ಬೇಡವೇ ಬೇಡ ಎಂದು ಹಟ ಹಿಡಿದಾಗ ಶಾಂತಾ ನನ್ನೆದುರೇ ತನ್ನ ಹೊಟ್ಟೆಗೆ ಚುಚ್ಚಿಕೊಂಡು, "ನೋಡ್ರಿ, ನಾ ದಿನಾ ಚುಚ್ಕೊಂತೀನಿ. ಸತ್ತೀನೇನ್ರೀ?" ಎಂದು ಕೇಳಿದಳು. ಆ ಹುಡುಗಿಯ ಮುಂದೆ ನನ್ನ ಹಟ ನಡೆಯಲಿಲ್ಲ. ನಾಲ್ಕಾರು ದಿನದಲ್ಲಿ ನಾನೇ ಚುಚ್ಚಿಕೊಳ್ಳುವುದನ್ನು ಕಲಿತೆ. ಕಲಿತ ದಿನ ಅಂಗಡಿಗೆ ಫೋನ್ ಮಾಡಿಸಿ ಯಜಮಾನರಿಗೆ ಹೇಳಿಸಿದೆ, ಅಷ್ಟು ಜಂಬ.

ದೊಡ್ಡತ್ತೆ ಮಾತ್ರ ಬಂದಿರಲಿಲ್ಲ. ಹೊಲಕ್ಕೆ ಇಳಿಸಿದವಳು ನಾನೇ ಅಲ್ಲವೇ ಎಂದು ಮನೆಯಲ್ಲಿ ಕೂತು ಊಟ ಬಿಟ್ಟಿದ್ದರಂತೆ. ಒಂದು ಬೆಳಿಗ್ಗೆ ಬಂದರು. ಮಂಚದ ಕೆಳತುದಿಯಲ್ಲಿ ಕೂತು ನನ್ನ ಎರಡೂ ಕಾಲನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ನಾನು ಬೆಚ್ಚಿ ಎಳೆದುಕೊಂಡೆ. ಮನೆಯ ಹಿರಿಯರು ಸೊಸೆಯ ಕಾಲು ಮುಟ್ಟುವುದೆಂದರೇನು! ಸುಮ್ನಿರು ಎಂದು ಗದರಿ ಮತ್ತೆ ಎಳೆದುಕೊಂಡರು. ಬ್ಯಾಂಡೇಜು ಇಲ್ಲದ ಬಲಗಾಲನ್ನು ಬೆಳಕಿಗೆ ತಿರುಗಿಸಿ, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ, ಆದರೆ ಹಾಸಿಗೆ ಹಿಡಿದ ಮೇಲೆ ಮೊದಲ ಸಲ ಅದು ಭಯದ ಅಳುವಾಗಿರಲಿಲ್ಲ.

ಮಾರನೆಯ ದಿನದಿಂದ ಶುಗರ್ ಪಾರ್ಟಿ ಹೊಲಕ್ಕೆ ಹೋಗುವ ಮುಂಚೆ ನಮ್ಮ ಜಗಲಿಯಲ್ಲಿ ಸೇರಬೇಕೆಂದು ದೊಡ್ಡತ್ತೆ ಅಪ್ಪಣೆ ಮಾಡಿದರು. ಸೇರಿ ಏನು ಮಾಡುವುದೆಂದರೆ, ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡುವುದು. ಹಿರಿಯರು ಕಿರಿಯರು ಎಂಬ ಭೇದವಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕರು. ಎರಡನೇ ದಿನವೇ ಪಾಪಣ್ಣನ ಹಿಮ್ಮಡಿಯಲ್ಲಿ ಗಾಜಿನ ಚೂರು ಸಿಕ್ಕಿತು; ಅವನಿಗೆ ಅದು ಗೊತ್ತೇ ಇರಲಿಲ್ಲ. ಅವತ್ತೇ ಪಾಪಣ್ಣ ಶೂ ಕೊಂಡು, ನಾಚಿಕೆಯಿಂದ ತಲೆ ತಗ್ಗಿಸಿ ಹೊಲಕ್ಕಿಳಿದ. ಉಳಿದವರೂ ಒಬ್ಬೊಬ್ಬರಾಗಿ ಹಾಕಿದರು. ಬರಿಗಾಲಲ್ಲೇ ಉಳಿದವರು ದೊಡ್ಡತ್ತೆ ಒಬ್ಬರೇ. ಹುಟ್ಟಿದಾಗಿನಿಂದ ಕಾಲಿಗೆ ಏನನ್ನೂ ಮೆಟ್ಟದ ಜೀವ ಅದು. ಕಾಲು ನೋಡುವ ಪದ್ಧತಿ ಇವತ್ತಿಗೂ ನಮ್ಮಲ್ಲಿ ನಿಂತಿಲ್ಲ. ಯಾರಾದರೂ ಹೊಸಬರು ನಮಗೂ ಶುಗರ್ ಬಂತು ಎಂದು ಮುಖ ಚಿಕ್ಕದು ಮಾಡಿಕೊಂಡು ಬಂದರೆ, ಮೊದಲು ಕಾಲು ತೋರಿಸಿ ಎನ್ನುತ್ತೇವೆ.

ನಾನು ಜಗಲಿಯಲ್ಲೇ ಕೂತು ಹೊಲದ ಯಜಮಾನಿಕೆ ಮಾಡಿದೆ. ಯಾವ ಸಾಲಿನಲ್ಲಿ ಕಳೆ ಉಳಿದಿದೆ, ಹಕ್ಕಿ ಬಂತೇ, ತೆನೆ ಯಾವ ಬಣ್ಣಕ್ಕೆ ತಿರುಗಿತು, ಎಲ್ಲವನ್ನೂ ಕೇಳಿ ತಿಳಿಯುತ್ತಿದ್ದೆ. ಪಾಪಣ್ಣ ದಿನಾ ಒಂದು ರಾಗಿ ಪೈರು ಕಿತ್ತು ತಂದು ನನ್ನೆದುರು ಹಿಡಿದು ಎಷ್ಟು ಬೆಳೆದಿದೆ ನೋಡಿ ಅತ್ತಿಗೆ ಎನ್ನುತ್ತಿದ್ದ. ಹೀಗೆ ಕಿತ್ತರೆ ಕೊಯ್ಲಿಗೆ ಏನು ಉಳಿಯುತ್ತದೆ ಎಂದು ನಾನು ಬೈದರೆ ಅವನಿಗೆ ಸಮಾಧಾನ, ಅತ್ತಿಗೆ ಮೊದಲಿನಂತಾದರು ಎಂದು. ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರು ನನ್ನ ಕಾಲಿನ ಸಲುವಾಗಿ ಬಾಗಿನವನ್ನು ನಮ್ಮ ಮನೆಗೇ ತಂದರು. ಕಡುಬಿನ ಬದಲು ಕಡಲೆಕಾಳು ಉಸಲಿ ಮಾಡಿದ್ದರು. ಗಣಪನಿಗೂ ಶುಗರ್ ಇದ್ದೀತು, ಆ ಹೊಟ್ಟೆ ನೋಡಿದರೆ ಗೊತ್ತಾಗಲ್ಲವೇ ಎಂದು ಶಾಂತಾ ಅಂದಾಗ ದೊಡ್ಡತ್ತೆ ಗಲ್ಲ ಬಡಿದುಕೊಂಡು ನಕ್ಕರು. ದಿನಾ ಡ್ರೆಸ್ಸಿಂಗ್ ಮಾಡಿಸಲು ಹೋಗಬೇಕಿತ್ತು. ಯಜಮಾನರಿಗೆ ಅಂಗಡಿಯಿದ್ದ ದಿನ ಪಾರ್ಟಿಯವರೇ ಸರದಿಯಲ್ಲಿ ನನ್ನನ್ನು ಕುರ್ಚಿ ಸಮೇತ ಎತ್ತಿ ಆಟೋದಲ್ಲಿ ಕೂರಿಸುತ್ತಿದ್ದರು. ನಾನೇನು ಹಗುರದ ಹೆಂಗಸಲ್ಲ.

ದೀಪಾವಳಿ ಕಳೆದು ರಾಗಿ ಕೊಯ್ಲಾಯಿತು. ಮೆದೆ ಒಟ್ಟಿ ಒಣಗಲು ಬಿಟ್ಟರು. ಚಳಿ ಇಳಿದ ಒಂದು ಬೆಳಿಗ್ಗೆ ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ, ಕನ್ನಡಕ ಮೇಲೇರಿಸಿ, ಬೆರಳನ್ನು ಒತ್ತಿ ಒತ್ತಿ ನೋಡಿದರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತರು. ಯಜಮಾನರು ನನ್ನ ಕೈ ಹಿಡಿದುಕೊಂಡರು. ಮದುವೆಯ ಧಾರೆಯ ಹೊತ್ತು ಬಿಟ್ಟರೆ ನಾಲ್ಕು ಜನರೆದುರು ಅವರು ಹಾಗೆ ಹಿಡಿದದ್ದಿಲ್ಲ.

"ಗಾಯ ಮುಚ್ಚಿದೆ. ಬೆರಳು ನಿಮ್ದೇ ಜಯಮ್ಮ, ಇಟ್ಕೊಳ್ಳಿ," ಎಂದರು ಡಾಕ್ಟರಮ್ಮ.

ನಾನು ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವರು ಅಳಲು ಬಿಟ್ಟು, ಆಮೇಲೆ ಕಂಡೀಷನ್ ಹೇಳಿದರು. ಇನ್ನು ಜೀವ ಇರುವವರೆಗೆ ಶೂ ಬಿಟ್ಟು ಒಂದು ಹೆಜ್ಜೆಯೂ ಇಡುವಂತಿಲ್ಲ, ಮನೆಯೊಳಗೂ ಅಷ್ಟೇ, ದೇವರ ಕೋಣೆಯಲ್ಲೂ ಅಷ್ಟೇ. ಈ ಸಲ ನಾನು ನಗಲಿಲ್ಲ. ಆಗಲಿ ಎಂದು ಮಾತು ಕೊಟ್ಟೆ.

ಅದೇ ವಾರ ಕಣ. ರಸ್ತೆಯ ಮೇಲೆ ಹರಡಿದರೆ ಬಸ್ಸು ಲಾರಿಗಳೇ ತುಳಿದು ಕೊಡುತ್ತವೆ ಎಂದು ಎಲ್ಲರೂ ಹೇಳಿದರೂ ದೊಡ್ಡತ್ತೆ ಒಪ್ಪಿರಲಿಲ್ಲ. ನೆಲ ಕೆತ್ತಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿ ಬಗ್ಗಡ ಬಳಿದು ಕಣ ಮಾಡಿಸಿದ್ದರು. ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸಿ, ತೂರಿ, ನಡುವೆ ರಾಶಿ ಹಾಕಿಯಾಗಿತ್ತು. ರಾಶಿಯ ನೆತ್ತಿಯಲ್ಲಿ ಸಗಣಿಯ ಬೆನಕ, ಗರಿಕೆ, ತುಂಬೆ ಹೂ. ಇನ್ನು ಪೂಜೆ ಮಾಡಿ ರಾಶಿ ಸುತ್ತಬೇಕು. ಶುಗರ್ ಪಾರ್ಟಿಯವರೆಲ್ಲ ಶೂಗಳನ್ನು ಹೊರಗೆ ಸಾಲಾಗಿ ಬಿಟ್ಟು ಒಳಗೆ ನಿಂತಿದ್ದರು. ಹೊಲ ಬೇರೆ, ಕಣ ಬೇರೆ ಎಂದು ಪಾಪಣ್ಣ ಮೊದಲೇ ಹೇಳಿದ್ದ. ಅದು ನನಗೂ ಒಪ್ಪಿಗೆಯೇ. ಕಣದ ಅಂಚಿನಲ್ಲಿ, ಗೆರೆಯ ಹೊರಗೆ, ಶೂ ಹಾಕಿಕೊಂಡು ಯಜಮಾನರ ತೋಳು ಹಿಡಿದು ನಿಂತೆ. ಬೆರಳು ಉಳಿಯಿತಲ್ಲ, ದೂರದಿಂದಲೇ ಕೈ ಮುಗಿದರಾಯಿತು ಎಂದುಕೊಂಡೆ. ಆದರೂ ಬಿತ್ತನೆಯಿಂದ ಜೊತೆಗಿದ್ದು ಕಡೆಗೆ ಹೊರಗೆ ನಿಲ್ಲುವುದು ಸುಲಭವಲ್ಲ.

ಪೂಜೆಗೆ ದೊಡ್ಡತ್ತೆಯೇ ಬರಬೇಕಿತ್ತು, ಎಲ್ಲರೂ ಕಾಯುತ್ತಿದ್ದೆವು. ಬದುವಿನ ಮೇಲೆ ಶಾಂತಾ ಕಾಣಿಸಿದಳು, ಅವಳ ಭುಜ ಹಿಡಿದು ದೊಡ್ಡತ್ತೆ. ನಡಿಗೆ ಯಾಕೋ ವಿಚಿತ್ರವಾಗಿತ್ತು, ಕೆಸರಿನಲ್ಲಿ ಕಾಲಿಟ್ಟ ಕರುವಿನ ಹಾಗೆ ಒಂದೊಂದೇ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದರು. ಹತ್ತಿರ ಬಂದಾಗ ಕಂಡಿತು. ಕಾಲಲ್ಲಿ ಹೊಚ್ಚ ಹೊಸ ಬಿಳಿ ಶೂ. ಅವರ ಅಗಲ ಪಾದಕ್ಕೆ ಹೆಂಗಸರದ್ದು ಹಿಡಿಸದೆ ಶಾಂತಾ ಜಯನಗರವೆಲ್ಲ ಸುತ್ತಿ ಗಂಡಸರದ್ದು ತಂದಿದ್ದಳಂತೆ. ಕಣದ ಅಂಚಿನಲ್ಲಿ ನಿಂತು, ಶೂವಿನಡಿಯ ಅಟ್ಟೆಗೆ ಚೊಂಬಿನ ನೀರು ಹಾಕಿ ತೊಳೆಸಿ, ಶೂಗಳ ಮೇಲೆ ಅರಿಶಿನ ಕುಂಕುಮ ಇಟ್ಟರು. ಪಾಪಣ್ಣ ದೊಡ್ಡಮ್ಮಾ ಎಂದು ಏನೋ ಹೇಳಲು ಹೊರಟ. ಅವರು ಅವನ ಕಡೆ ನೋಡಲಿಲ್ಲ. ನೇರ ಕಣದೊಳಗೆ ನಡೆದು, ರಾಶಿಯ ಪಕ್ಕ ನಿಂತು, ನನ್ನ ಕಡೆ ಕೈ ಚಾಚಿದರು.

"ತಾಯಿಗೆ ಕೋಪ ಬಂದ್ರೆ ನನ್ನ ಮ್ಯಾಲೆ ಬರ್ಲಿ, ನಾ ನೋಡ್ಕತೀನಿ. ನೀನು ಕಾಲು ಕಳ್ಕಂಡು ಮನೇಲಿ ಕೂತ್ರೆ ಅವಳು ಮೆಚ್ತಾಳಾ? ಬಾಮ್ಮಿ ಒಳಕ್ಕೆ."

ಪಾಪಣ್ಣ ಆಮೇಲೆ ಹೊರಗೆ ಹೋಗಿ, ಶೂ ತೊಳೆದು, ಕಾಲಿಗೆ ಹಾಕಿಕೊಂಡು ಬಂದ. ಅವನ ಹಿಂದೆ ಉಳಿದವರೆಲ್ಲ ಹೋಗಿ ಬಂದರು. ಯಜಮಾನರು ಕೂತು ನನ್ನ ಶೂಗಳ ಅಟ್ಟೆಯನ್ನು ತಮ್ಮ ಕೈಯಾರೆ ತೊಳೆದರು. ನಾನು ಗೆರೆ ದಾಟಿದೆ. ದೊಡ್ಡತ್ತೆ ನನ್ನ ಕೈ ಹಿಡಿದು ಮುಂದೆ, ಇಡೀ ಶುಗರ್ ಪಾರ್ಟಿ ಹಿಂದೆ, ಸೀರೆ ಪಂಚೆಗಳ ಕೆಳಗೆ ಬಿಳಿ ಶೂಗಳು ಕಿರ್ ಕಿರ್ ಎನ್ನುತ್ತಾ ರಾಶಿ ಸುತ್ತಿದೆವು. ನಡುವೆ ಯಾರೋ ನಗಲು ಶುರು ಮಾಡಿದರು, ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ನನ್ನ ಹೆಬ್ಬೆರಳಿಗೆ ಇನ್ನೂ ಜೋಮು, ಅದು ನೆಲ ಮುಟ್ಟಿದ್ದು ನನಗೆ ಗೊತ್ತಾಗಲಿಲ್ಲ. ಆದರೆ ಹತ್ತು ಬೆರಳೂ ನನ್ನ ಜೊತೆಗೇ ರಾಶಿ ಸುತ್ತಿ ಬಂದವು.